ವೈರ, ಪ್ರದೋಷ, ಮಾತ್ಸರ್ಯ: ಇಂಗ್ಲಿಷಿನಲ್ಲಿ ಇವುಗಳ ಗತಿ

ಅನಂತ ಚತುರ್ದಶಿ ಕಳೆದು ಕ್ಷಮಾವಾಣಿಯ ದಿನ ಬಂದಾಗ ನಮ್ಮ ಮನೆಗಳಿಗೆ ಬರುವ ಪತ್ರಗಳಲ್ಲಿ ಇಂಗ್ಲಿಷಿನವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ದೂರದ ನಗರಗಳಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಧರ್ಮದ ಮಾತು ಮೊದಲು ಕಿವಿಗೆ ಬೀಳುವುದೇ ಆ ಭಾಷೆಯಲ್ಲಿ. ಆದರೆ ಈ ಪತ್ರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕ್ಷಮಾಪಾಠದಲ್ಲಿ ಮೈತ್ರಿಯ ಮಾತಿನ ಬೆನ್ನಿಗೇ ಬರುವ ‘ವೇರ’ ಎಂಬ ಒಂದೇ ಪ್ರಾಕೃತ ಶಬ್ದವು ಒಂದು ಪತ್ರದಲ್ಲಿ ‘ಎನ್ಮಿಟಿ’, ಇನ್ನೊಂದರಲ್ಲಿ ‘ಮ್ಯಾಲಿಸ್’, ಮತ್ತೊಂದರಲ್ಲಿ ‘ಹೇಟ್ರೆಡ್’ ಆಗಿರುತ್ತದೆ. ಬರೆದವರು ಇವೆಲ್ಲ ಒಂದೇ ಎಂದು ಭಾವಿಸಿದ್ದಾರೆ. ಇಂಗ್ಲಿಷರು ಹಾಗೆ ಭಾವಿಸಿಲ್ಲ. ನಮ್ಮ ಆಚಾರ್ಯರಂತೂ ಕೆಟ್ಟ ಭಾವನೆಯ ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ಬಿಡಿಸಿ ನೋಡಿದವರು.

ಪದವೊಂದರ ವಿಷಯದಲ್ಲಿ ಇಷ್ಟು ಜಿಜ್ಞಾಸೆ ಏಕೆ ಎಂದು ಕೇಳಬಹುದು. ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಇಂಥ ಪತ್ರವನ್ನು ಓದಿ, “ನಾನು ಯಾರನ್ನೂ ಹೇಟ್ ಮಾಡುವುದಿಲ್ಲವಲ್ಲ ಅಜ್ಜ, ಮತ್ತೆ ಕ್ಷಮೆ ಏಕೆ ಕೇಳಬೇಕು?” ಎಂದಳು. ಅವಳು ಸುಳ್ಳು ಹೇಳಲಿಲ್ಲ. ‘ಹೇಟ್’ ಎಂಬುದು ಇಂಗ್ಲಿಷಿನಲ್ಲಿ ಬಹು ಭಾರವಾದ ಮಾತು. ಅಷ್ಟು ಭಾರವಾದದ್ದು ತನ್ನಲ್ಲಿಲ್ಲವೆಂದು ಒಳ್ಳೆಯ ಮನೆತನದ ಯಾರಾದರೂ ಹೇಳಬಲ್ಲರು. ಪ್ರತಿಕ್ರಮಣದಲ್ಲಿ ದೋಷಕ್ಕೆ ತಪ್ಪು ಹೆಸರನ್ನು ಕೊಟ್ಟರೆ ದೋಷವು ಸಿಕ್ಕಿಬೀಳದೆ ತಪ್ಪಿಸಿಕೊಳ್ಳುತ್ತದೆ. ವೈದ್ಯನ ಬಳಿ ಹೊಟ್ಟೆನೋವನ್ನು ತಲೆನೋವೆಂದು ಹೇಳಿದಂತೆಯೇ ಸರಿ.

ಈ ‘ಹೇಟ್ರೆಡ್’ ಎಂಬ ಮಾತು ನಮ್ಮ ಗ್ರಂಥಗಳಿಗೆ ಅಂಟಿಕೊಂಡದ್ದು ಇಂದು ನಿನ್ನೆಯಲ್ಲ. ಜರ್ಮನ್ ವಿದ್ವಾಂಸರಾದ ಹರ್ಮನ್ ಯಾಕೋಬಿಯವರು ಪೌರ್ವಾತ್ಯ ಪವಿತ್ರ ಗ್ರಂಥಮಾಲೆಗಾಗಿ 1884ರಲ್ಲಿ ಆಚಾರಾಂಗ, ಕಲ್ಪಸೂತ್ರಗಳನ್ನೂ 1895ರಲ್ಲಿ ಉತ್ತರಾಧ್ಯಯನ, ಸೂತ್ರಕೃತಾಂಗಗಳನ್ನೂ ಇಂಗ್ಲಿಷಿಗೆ ತಂದರು. ಜೈನಧರ್ಮವು ಬೌದ್ಧಧರ್ಮದ ಕವಲಲ್ಲವೆಂಬುದನ್ನು ಪಾಶ್ಚಾತ್ಯ ವಿದ್ವತ್ ಲೋಕಕ್ಕೆ ಮನಗಾಣಿಸಿದ ಅವರ ಋಣ ನಮ್ಮ ಮೇಲೆ ದೊಡ್ಡದು. ಆದರೆ ರಾಗದ್ವೇಷಗಳಿಗೆ ಅವರು ‘ಲವ್’, ‘ಹೇಟ್ರೆಡ್’ ಎಂಬ ಜೋಡಿಯನ್ನು ಕೊಟ್ಟರು. ಒಂದೇ ಜೋಡಿಯಿಂದ ಎರಡು ಹಾನಿಗಳಾದವು. ಜೈನರು ಪ್ರೀತಿಯನ್ನು ಬೇಡವೆನ್ನುವವರೆಂಬ ಅಪವಾದ ಒಂದು ಕಡೆ. ದ್ವೇಷವೆಂದರೆ ಕತ್ತಿ ಮಸೆಯುವವನ ಮನಸ್ಸು ಮಾತ್ರವೆಂಬ ಭ್ರಮೆ ಇನ್ನೊಂದು ಕಡೆ. ಶಾಸ್ತ್ರದ ದ್ವೇಷವು ಅಷ್ಟು ಸಂಕುಚಿತವಲ್ಲ. ಕಹಿ ಮದ್ದನ್ನು ಕಂಡು ಮುಖ ಸಿಂಡರಿಸುವುದೂ, ಬೇಸಗೆಯ ಸೆಕೆಗೆ ಗೊಣಗುವುದೂ, ಇಷ್ಟವಿಲ್ಲದವರು ಬಸದಿಯೊಳಗೆ ಬಂದಾಗ ಕಂಬದ ಮರೆಗೆ ಸರಿಯುವುದೂ ಅದರೊಳಗೇ ಬರುತ್ತವೆ. ಈಚಿನ ಅನುವಾದಕರು ಬಳಸುವ ‘ಅವರ್ಶನ್’ ಎಂಬ ಶಬ್ದ ಇದಕ್ಕಿಂತ ಎಷ್ಟೋ ಮೇಲು. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಮುಖ ತಿರುಗಿಸುವುದು ಎಂದೇ ಇದೆ.

ಪ್ರಾಸಂಗಿಕವಾಗಿ ಒಂದು ಮಾತು. ಪ್ರಾಕೃತದಲ್ಲಿ ‘ದ್ವೇಷ’ವೂ ‘ದೋಷ’ವೂ ‘ದೋಸ’ ಎಂಬ ಒಂದೇ ರೂಪವನ್ನು ತಾಳುತ್ತವೆ. ಮೂಡಬಿದಿರೆಯ ತಾಡವೋಲೆಗಳಲ್ಲಿ ಉಳಿದುಬಂದ ಕಷಾಯಪಾಹುಡಕ್ಕೆ ‘ಪೇಜ್ಜದೋಸಪಾಹುಡ’ ಎಂಬ ಇನ್ನೊಂದು ಹೆಸರುಂಟು. ‘ಪೇಜ್ಜ’ವೆಂದರೆ ರಾಗ, ‘ದೋಸ’ವೆಂದರೆ ದ್ವೇಷ. ಸಂಗ್ರಹನಯದಿಂದ ನೋಡಿದರೆ ಕ್ರೋಧ ಮಾನಗಳೆರಡೂ ದ್ವೇಷದಲ್ಲಿ ಸೇರುತ್ತವೆ. ಮಾನವು ದ್ವೇಷದ ಬಳಗಕ್ಕೆ ಸೇರಿದ್ದೆಂಬ ಈ ಸೂಕ್ಷ್ಮವನ್ನು ‘ಹೇಟ್ರೆಡ್’ ಎಂಬ ಮಾತು ಹೊರಲಾರದು. ಅಭಿಮಾನಿಯನ್ನು ಇಂಗ್ಲಿಷಿನಲ್ಲಿ ಯಾರೂ ‘ಹೇಟರ್’ ಎನ್ನುವುದಿಲ್ಲ.

ಇನ್ನು ‘ವೇರ’ದ ವಿಚಾರ. ಇದಕ್ಕೆ ‘ಎನ್ಮಿಟಿ’ಯೇ ಸರಿಯಾದ ಮಾತೆಂದು ನನ್ನ ಅಭಿಪ್ರಾಯ. ಅದರ ಹುಟ್ಟನ್ನು ನೋಡಿರಿ. ಲ್ಯಾಟಿನ್ನಿನಲ್ಲಿ ‘ಅಮೀಕುಸ್’ ಎಂದರೆ ಮಿತ್ರ, ‘ಇನಿಮೀಕುಸ್’ ಎಂದರೆ ಮಿತ್ರನಲ್ಲದವನು. ಆ ಶಬ್ದದಿಂದ ಹಳೆಯ ಫ್ರೆಂಚಿನ ಮಾರ್ಗವಾಗಿ ‘ಎನ್ಮಿಟಿ’ ಬಂದಿತು. ಕ್ಷಮಾಪಾಠದಲ್ಲಿಯೂ ಮೈತ್ರಿ ವೈರಗಳು ಎದುರುಬದುರಾಗಿಯೇ ನಿಂತಿವೆ. ಮೈತ್ರಿಯನ್ನು ಹೇಳಿದ ಉಸಿರಿನಲ್ಲೇ ಅದರ ನಿಷೇಧರೂಪವನ್ನೂ ಹೇಳುವುದು ಪಾಠದ ಕ್ರಮ. ‘ಮ್ಯಾಲಿಸ್’ ಎಂದು ಬರೆದರೆ ಈ ಎದುರುನಿಲುಗಡೆಯೇ ಕಳೆದುಹೋಗುತ್ತದೆ. ‘ಅನಿಮಾಸಿಟಿ’ ಎಂದು ಬರೆದವರನ್ನೂ ಕಂಡಿದ್ದೇನೆ. ಅದರ ಮೂಲದಲ್ಲಿ ಒಂದು ಕೌತುಕವಿದೆ. ಆ ಶಬ್ದಕ್ಕೆ ಮೊದಲಿದ್ದ ಅರ್ಥ ಧೈರ್ಯ, ಕೆಚ್ಚು ಎಂದು. ಕೆಚ್ಚು ಕ್ರಮೇಣ ಹಗೆಯಾಯಿತು. ಸಂಸ್ಕೃತದ ‘ವೈರ’ವೂ ‘ವೀರ’ ಶಬ್ದದಿಂದಲೇ ಹುಟ್ಟಿದ್ದು. ದೂರದ ಎರಡು ಜನಾಂಗಗಳು ಪೌರುಷದ ಮಾತಿನಿಂದಲೇ ಹಗೆಯ ಮಾತನ್ನು ಕಡೆದುಕೊಂಡಿವೆ. ವೈರವನ್ನು ಬಿಟ್ಟವನನ್ನೇ ಮಹಾವೀರನೆಂದು ಕರೆದ ಪರಂಪರೆ ನಮ್ಮದು.

ಹಾಗಾದರೆ ‘ಮ್ಯಾಲಿಸ್’ ಯಾವುದಕ್ಕೆ ಸಲ್ಲುತ್ತದೆ? ಕೆಟ್ಟದ್ದು ಎಂಬರ್ಥದ ‘ಮಾಲುಸ್’ ಶಬ್ದದಿಂದ ಬಂದ ಇದು, ಮತ್ತೊಬ್ಬನಿಗೆ ಕೇಡಾಗಲೆಂಬ ಸಂಕಲ್ಪವನ್ನು ಹೇಳುತ್ತದೆ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರು 1865ರ ಮಾರ್ಚ್ 4ರಂದು ಎರಡನೆಯ ಬಾರಿ ಅಧಿಕಾರ ಸ್ವೀಕರಿಸುವಾಗ ಮಾಡಿದ ಭಾಷಣದ ಕೊನೆಯಲ್ಲಿ ಯಾರ ಮೇಲೆಯೂ ‘ಮ್ಯಾಲಿಸ್’ ಬೇಡವೆಂದು ಜನರನ್ನು ಕೇಳಿಕೊಂಡರು. ಆಗ ಅಂತರ್ಯುದ್ಧವು ಇನ್ನೂ ಮುಗಿದಿರಲಿಲ್ಲ. ಎದುರಿಗೆ ಶತ್ರುಸೈನ್ಯವಿತ್ತು. ‘ಎನ್ಮಿಟಿ’ ಇಲ್ಲವೆಂದು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಶತ್ರುವಿದ್ದಾನೆ, ಹೋರಾಡುತ್ತಲೂ ಇದ್ದೇವೆ, ಆದರೆ ಅವನಿಗೆ ಕೇಡು ಬಯಸುವ ಮನಸ್ಸು ಬೇಡ ಎಂಬ ವಿವೇಕವು ಆ ಒಂದು ಪದದ ಆಯ್ಕೆಯಲ್ಲಿದೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ನಮ್ಮ ಶ್ರಾವಕಾಚಾರವನ್ನು ಬಲ್ಲವರಿಗೆ ಇದು ಪರಿಚಿತವಾದ ವಿವೇಕವೇ. ಆತ್ಮರಕ್ಷಣೆಗಾಗಿ ಎದುರು ನಿಂತಾಗ ತಪ್ಪದ ವಿರೋಧೀ ಹಿಂಸೆ ಬೇರೆ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ಬೇರೆ. ಸೇನಾನಿಯಾಗಿದ್ದ ಚಾವುಂಡರಾಯನು ಶ್ರಾವಕನೂ ಆಗಿರಲು ಸಾಧ್ಯವಾದದ್ದು ಈ ಭೇದದಿಂದ.

ನ್ಯಾಯಾಲಯಗಳಲ್ಲಿ ಈ ಪದಕ್ಕೆ ಮತ್ತೊಂದು ಬಣ್ಣ ಬಂದಿದೆ. ಇಂಗ್ಲೆಂಡಿನಲ್ಲಿ 1825ರ ಬ್ರೋಮೇಜ್ ಮತ್ತು ಪ್ರಾಸರ್ ಮೊಕದ್ದಮೆಯ ತೀರ್ಪಿನಲ್ಲಿ, ಲೋಕರೂಢಿಯ ‘ಮ್ಯಾಲಿಸ್’ ಎಂದರೆ ವ್ಯಕ್ತಿಯೊಬ್ಬನ ಮೇಲಿನ ಕೆಟ್ಟ ಮನಸ್ಸು, ಕಾನೂನಿನ ‘ಮ್ಯಾಲಿಸ್’ ಎಂದರೆ ನ್ಯಾಯವಾದ ಕಾರಣವಿಲ್ಲದೆ ಬೇಕೆಂದೇ ಎಸಗಿದ ಅಪಕೃತ್ಯ ಎಂದು ವಿಂಗಡಿಸಲಾಯಿತು. ಎರಡನೆಯದಕ್ಕೆ ಹಗೆಯೇ ಬೇಕಾಗಿಲ್ಲ. ಪರಿಚಯವೇ ಇಲ್ಲದವನನ್ನು ಹೊಡೆದರೂ ಅದು ‘ಮ್ಯಾಲಿಸ್’. ನಮ್ಮ ದೇಶದ ದಂಡಸಂಹಿತೆಗೆ 1927ರಲ್ಲಿ ಸೇರಿದ, ಮತೀಯ ಭಾವನೆಗಳಿಗೆ ಧಕ್ಕೆ ತರುವುದನ್ನು ಕುರಿತ 295ಎ ಕಲಮಿನಲ್ಲಿಯೂ, 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಪ್ರತಿಯಾಗಿ ಬಂದಿರುವ 299ನೆಯ ಕಲಮಿನಲ್ಲಿಯೂ ಈ ಶಬ್ದವಿದೆ. ಟ್ರಸ್ಟುಗಳ ಕಾಗದಪತ್ರಗಳಲ್ಲಿ ವಕೀಲರು ಬಳಸುವ ‘ಮ್ಯಾಲಿಸ್’ ಬಹುಮಟ್ಟಿಗೆ ಇಂಥ ಕಾನೂನಿನ ಅರ್ಥದ್ದು. ಅದನ್ನು ಎತ್ತಿ ತಂದು ಕ್ಷಮಾಪತ್ರದಲ್ಲಿ ನೆಟ್ಟರೆ, ಬೇಕೆಂದೇ ಮಾಡಿದ್ದನ್ನು ಮಾತ್ರ ಕ್ಷಮಿಸಿರಿ ಎಂದಂತಾಗುತ್ತದೆ. ಪ್ರಮತ್ತಯೋಗದಿಂದ, ಅಂದರೆ ಎಚ್ಚರದಪ್ಪಿ ಆದದ್ದಕ್ಕೂ ನಾವು ಕ್ಷಮೆ ಬೇಡುತ್ತೇವಷ್ಟೆ.

ಹಗೆಯು ಮನಸ್ಸಿನಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಹೇಳುವ ಇಂಗ್ಲಿಷ್ ಪದಗಳೇ ಬೇರೊಂದು ಗುಂಪು. ‘ರಿಸೆಂಟ್‌ಮೆಂಟ್’ ಎಂದರೆ ಮೂಲದಲ್ಲಿ ಮತ್ತೆ ಅನುಭವಿಸುವುದು. ಪೆಟ್ಟು ಒಮ್ಮೆ ಬಿದ್ದಿರುತ್ತದೆ, ನೆನಪಿನಲ್ಲಿ ಅದನ್ನು ನೂರು ಸಲ ತಿನ್ನುತ್ತೇವೆ. ‘ಗ್ರಜ್’ ಎಂಬುದು ಗೊಣಗುವುದು ಎಂಬರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು. ‘ರ‍್ಯಾಂಕರ್’ ಎಂಬುದಂತೂ ಕಮಟು ವಾಸನೆ. ಹಳೆಯ ಎಣ್ಣೆ ತುಪ್ಪಗಳಿಗೆ ಹೇಳುವ ‘ರ‍್ಯಾನ್ಸಿಡ್’ ಅದರ ಒಡಹುಟ್ಟು. ಬಾಯಿ ಮುಚ್ಚಿ ಮೂಲೆಯಲ್ಲಿಟ್ಟ ತುಪ್ಪ ಹೇಗೆ ತಾನಾಗಿ ಕಮಟುತ್ತದೆಯೋ ಹಾಗೆ ಒಳಗಿಟ್ಟ ಸಿಟ್ಟು ಕಮಟುತ್ತದೆ.

ಇಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವನ್ನು ನೆನೆಯದೆ ಮುಂದೆ ಹೋಗಲಾಗದು. 1359ರಲ್ಲಿ ಕೇಶವವರ್ಣಿಗಳು ಅದಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದರೆಂಬುದು ನಮಗೆ ಹೆಮ್ಮೆಯ ವಿಷಯ. ಕ್ರೋಧದ ಶಕ್ತಿಯನ್ನು ಅಲ್ಲಿ ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆಗಳಿಗೆ ಹೋಲಿಸಿದೆ. ಕರ್ಮಕಾಂಡವು ಇನ್ನೂ ಮುಂದುವರಿದು ಕಷಾಯಗಳ ವಾಸನಾಕಾಲವನ್ನು ಹೇಳುತ್ತದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅನಂತಾನುಬಂಧಿಗೆ ಸಂಖ್ಯಾತ, ಅಸಂಖ್ಯಾತ, ಅನಂತ ಭವಗಳು. ವಾಸನೆಯೆಂದರೆ ಸಂಸ್ಕಾರವೂ ಹೌದು, ಗಂಧವೂ ಹೌದು. ಅನುವಾದಕರು ‘ವಾಸನಾಕಾಲ’ಕ್ಕೆ ಶಬ್ದ ಹುಡುಕುವಾಗ ‘ರ‍್ಯಾಂಕರ್’ ಎಂಬುದರ ಹಳೆಯ ಅರ್ಥವನ್ನು ನೆನೆಯಬಹುದಿತ್ತು. ಅನಂತಾನುಬಂಧಿ ಕ್ರೋಧವನ್ನು ಸುಮ್ಮನೆ ತೀವ್ರವಾದ ಸಿಟ್ಟು ಎಂದು ಇಂಗ್ಲಿಷಿನಲ್ಲಿ ವಿವರಿಸುವುದು ಸರಿಯಲ್ಲ. ಅಬ್ಬರವಿಲ್ಲದೆ, ಮುಗುಳ್ನಗುತ್ತಲೇ, ಮೂವತ್ತು ವರ್ಷ ಕಮಟುವ ಸಿಟ್ಟೂ ಉಂಟು.

ಇಂಗ್ಲಿಷರಲ್ಲಿ ಈ ವಿಚಾರವನ್ನು ಚೆನ್ನಾಗಿ ಶೋಧಿಸಿದವರು ಜೋಸೆಫ್ ಬಟ್ಲರ್. ಲಂಡನ್ನಿನ ರೋಲ್ಸ್ ಚಾಪೆಲಿನಲ್ಲಿ ಅವರು ಮಾಡಿದ ಹದಿನೈದು ಪ್ರವಚನಗಳು 1726ರಲ್ಲಿ ಅಚ್ಚಾದವು. ಅವುಗಳಲ್ಲಿ ಒಂದು ‘ರಿಸೆಂಟ್‌ಮೆಂಟ್’ ಕುರಿತದ್ದು, ಅದರ ಮುಂದಿನದು ಅಪಕಾರಗಳನ್ನು ಕ್ಷಮಿಸುವುದನ್ನು ಕುರಿತದ್ದು. ಥಟ್ಟನೆ ಏಳುವ ಕೋಪ ಬೇರೆ, ಅನ್ಯಾಯವನ್ನು ಅರಿತು ನೆಲೆಗೊಳ್ಳುವ ಕೋಪ ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯದು ಸ್ವತಃ ಪಾಪವಲ್ಲ, ಅನ್ಯಾಯದ ವಿರುದ್ಧ ಮನುಷ್ಯನಿಗೆ ಕೊಟ್ಟ ಆಯುಧ ಅದು, ಮಿತಿ ಮೀರಿ ಸೇಡಾದಾಗ ಮಾತ್ರ ದೋಷ ಎಂಬುದು ಅವರ ಮತ. ವಿಂಗಡಣೆಯನ್ನು ನಾವು ಒಪ್ಪಬಹುದು. ಆದರೆ ನೆಲೆನಿಂತ ಕೋಪಕ್ಕೆ ಕ್ಷಣಿಕ ಕೋಪಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಕೊಡುವುದು ನಮ್ಮಿಂದಾಗದು. ಗೊಮ್ಮಟಸಾರದ ಅಳತೆಗೋಲಿನಲ್ಲಿ ನೆಲೆನಿಂತಷ್ಟೂ ಬಂಧ ಗಟ್ಟಿ. ಕಾರಣವು ನ್ಯಾಯವಾದದ್ದೇ ಆದರೂ ಕರ್ಮವು ಕಾರಣಪತ್ರವನ್ನು ಓದಿ ರಿಯಾಯಿತಿ ತೋರಿಸುವುದಿಲ್ಲ.

ಎರಡು ಕಥೆಗಳನ್ನು ಇಟ್ಟುಕೊಂಡರೆ ಈ ಪದಗಳ ಅಂತರ ಇನ್ನೂ ಸ್ಪಷ್ಟವಾದೀತು. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ, ಹಿಂದಿನ ಭವದ ವಾಯುಭೂತಿಯು ಅತ್ತಿಗೆಯನ್ನು ಒದೆಯುತ್ತಾನೆ. ಒದೆದ ಆ ಕಾಲನ್ನೇ ತಿನ್ನುವೆನೆಂದು ಆಕೆ ನಿದಾನ ಕಟ್ಟಿಕೊಳ್ಳುತ್ತಾಳೆ. ಮುಂದೊಂದು ಭವದಲ್ಲಿ ನರಿಯಾಗಿ, ಧ್ಯಾನದಲ್ಲಿದ್ದ ಮುನಿಯನ್ನು ಕಾಲಿನಿಂದಲೇ ತಿನ್ನತೊಡಗುತ್ತಾಳೆ. ಇದು ಸರಿಯಾದ ‘ಗ್ರಜ್’. ನಿಜವಾದ ಅಪಕಾರವೊಂದಿತ್ತು, ಅದನ್ನು ಮರೆಯಲಿಲ್ಲ, ಲೆಕ್ಕ ತೀರಿಸಿಕೊಂಡಾಯಿತು. ಪಾರ್ಶ್ವನಾಥ ಸ್ವಾಮಿಯ ಪೂರ್ವಭವಗಳ ಪ್ರಚಲಿತ ಕಥೆಯ ಕಮಠನದು ಹೀಗಲ್ಲ. ತಪ್ಪು ಮಾಡಿದವನು ಅವನೇ, ತಮ್ಮನ ಹೆಂಡತಿಯ ಮೇಲೆ ಕಣ್ಣಿಟ್ಟವನು. ತಮ್ಮ ಮರುಭೂತಿ ಅಣ್ಣನನ್ನು ಹುಡುಕಿಕೊಂಡು ಬಂದು ಕಾಲಿಗೆರಗಿದಾಗ ಅವನ ತಲೆಯ ಮೇಲೆ ಬಂಡೆಯನ್ನು ಕೆಡಹಿದನು. ಭವಭವಗಳಲ್ಲಿ ಬೆನ್ನು ಹತ್ತಿದ ಈ ಹಗೆಗೆ ‘ಎನ್ಮಿಟಿ’ ಎಂದರೆ ಪೂರ್ತಿ ಹೊಂದದು. ಆ ಶಬ್ದ ಇಬ್ಬರನ್ನೂ ಒಳಗೊಳ್ಳುವ ಕಡೆಗೆ ಬಾಗುತ್ತದೆ, ಇಲ್ಲಿ ಹಗೆ ಒಂದೇ ಕಡೆಯದು. ‘ಗ್ರಜ್’ ಕೂಡ ಅಲ್ಲ, ಏಕೆಂದರೆ ಅಪಕಾರವೇ ಆಗಿರಲಿಲ್ಲ.

ಶೇಕ್ಸ್‌ಪಿಯರನ ಇಯಾಗೋನನ್ನು ಬಲ್ಲವರು ಇಲ್ಲಿ ‘ಮ್ಯಾಲಿಗ್ನಿಟಿ’ ಎಂದಾರು. ಇಯಾಗೋನದು ಕಾರಣವೇ ಇಲ್ಲದೆ ಕಾರಣ ಹುಡುಕುವ ಕೇಡಿಗತನವೆಂದು ಕವಿ ಕೋಲ್‌ರಿಜ್ ಬರೆದಿಟ್ಟ ಟಿಪ್ಪಣಿ ಸುಪ್ರಸಿದ್ಧ. ಆದರೆ ‘ಮ್ಯಾಲಿಗ್ನಂಟ್’ ಎಂಬುದರ ಮೂಲಾರ್ಥ ಹುಟ್ಟಿನಿಂದಲೇ ಕೆಟ್ಟದ್ದು ಎಂದು. ವೈದ್ಯರು ಕೆಟ್ಟ ಗಡ್ಡೆಗೆ ಆ ಹೆಸರನ್ನೇ ಇಟ್ಟಿದ್ದಾರೆ. ಕ್ರೋಧವು ಜೀವದ ವಿಭಾವವೇ ಹೊರತು ಸ್ವಭಾವವಲ್ಲವೆನ್ನುವ ನಾವು ಈ ಪದವನ್ನು ಕಮಠನಿಗೆ ಅಂಟಿಸಲಾಗದು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ, ಕೊನೆಗೆ ಶಂಬರನೆಂಬ ದೇವನಾಗಿದ್ದ ಅದೇ ಜೀವವು ಶಾಂತವಾಗಿ ಸಮ್ಯಕ್ತ್ವವನ್ನು ಪಡೆಯುತ್ತದೆ. ಅನಂತಾನುಬಂಧಿಯು ಅಡಗದೆ ಸಮ್ಯಕ್ತ್ವವಿಲ್ಲ. ಕಲ್ಲಿನ ಗೆರೆಯೂ ಅಳಿಯಿತೆಂದಾಯಿತು. ಹುಂಚದಲ್ಲಿ ಪದ್ಮಾವತೀ ದೇವಿಯ ದರ್ಶನ ಮಾಡಿ ಬರುವ ನಾವು ಉಪಸರ್ಗದ ಭಾಗವನ್ನು ಮಕ್ಕಳಿಗೆ ಹೇಳುತ್ತೇವೆ, ಈ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ.

ಇಷ್ಟರವರೆಗೆ ದೊಡ್ಡ ಹಗೆಗಳ ಮಾತಾಯಿತು. ನನಗೆ ಹೆಚ್ಚು ಕಳವಳವಿರುವುದು ಸಣ್ಣವುಗಳ ವಿಷಯದಲ್ಲಿ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನವನ್ನೂ ದರ್ಶನವನ್ನೂ ಮುಚ್ಚುವ ಕರ್ಮಗಳ ಆಸ್ರವಕ್ಕೆ ಆರು ಕಾರಣಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಪ್ರದೋಷ, ಮೂರನೆಯದು ಮಾತ್ಸರ್ಯ. ಇಂಗ್ಲಿಷ್ ಅನುವಾದಗಳಲ್ಲಿ ಪ್ರದೋಷಕ್ಕೆ ‘ಸ್ಪೈಟ್’ ಎಂದಿರುವುದನ್ನು ಕಾಣುತ್ತೇವೆ. ಈ ‘ಸ್ಪೈಟ್’ ಕೀಳಾಗಿ ನೋಡುವುದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಸವೆದು ಬಂದದ್ದು. ಇಂದಿನ ಬಳಕೆಯಲ್ಲಿ ಅದು ಕಿಡಿಗೇಡಿತನದ ಕ್ರಿಯೆಯನ್ನು ಸೂಚಿಸುತ್ತದೆ. ಪಕ್ಕದವನ ಬೆಳಕಿಗೆ ಅಡ್ಡವಾಗಲೆಂದೇ ಗೋಡೆಯೆತ್ತುವುದು ‘ಸ್ಪೈಟ್’. ತನಗೂ ಅದರಿಂದ ನಷ್ಟವಾದರೆ ಆಗಲಿ, ಅವನಿಗೆ ಉರಿಯಬೇಕು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪ್ರದೋಷವನ್ನು ವಿವರಿಸಿದ ಬಗೆಯೇ ಬೇರೆ. ಮೋಕ್ಷಸಾಧನವಾದ ತತ್ತ್ವಜ್ಞಾನದ ಕೀರ್ತನೆ ನಡೆದಾಗ ಒಬ್ಬನು ಬಾಯಿ ಬಿಡದೆ ಕುಳಿತಿರುತ್ತಾನೆ, ಅವನ ಒಳಗೆ ಮಾತ್ರ ಪೈಶುನ್ಯದ ಪರಿಣಾಮ ಉಂಟಾಗುತ್ತದೆ, ಅದು ಪ್ರದೋಷ. ಅವನು ಏನನ್ನೂ ಮಾಡಲಿಲ್ಲ, ಆಡಲಿಲ್ಲ, ಗೋಡೆ ಕಟ್ಟಲಿಲ್ಲ. ಪಂಡಿತರನ್ನು ಎಲ್ಲರೂ ಹೊಗಳುವಾಗ ತಾನು ಮಾತ್ರ ಸುಮ್ಮನಿದ್ದನು, ಅಷ್ಟೆ. ಆ ಮೌನವನ್ನು ಸಭೆಯು ಗಾಂಭೀರ್ಯವೆಂದು ತಿಳಿಯಿತು. ‘ಸ್ಪೈಟ್’ ಎಂದು ಓದಿದವನಿಗೆ ಇದು ತನ್ನ ಕಥೆಯೆಂದು ಎಂದಿಗೂ ಹೊಳೆಯದು. ಇದಕ್ಕೆ ಒಂದೇ ಇಂಗ್ಲಿಷ್ ಪದ ನನಗೆ ಸಿಕ್ಕಿಲ್ಲ. ‘ಇಲ್ ವಿಲ್’ ಎಂಬ ಸಾದಾ ಮಾತಿನ ಹಿಂದೆ ಮೌನವಾದದ್ದು ಎಂಬ ವಿಶೇಷಣವನ್ನು ಸೇರಿಸುವುದು ಮೇಲು.

ಮಾತ್ಸರ್ಯಕ್ಕೆ ‘ಎನ್ವಿ’ ಎಂಬುದು ನಿಘಂಟಿನ ಉತ್ತರ. ಕನ್ನಡದಲ್ಲಿ ಹೊಟ್ಟೆಕಿಚ್ಚು ಎನ್ನುತ್ತೇವೆ, ಹಳಗನ್ನಡದಲ್ಲಿ ಕರುಬು. ಆದರೆ ಈ ಸೂತ್ರಕ್ಕೆ ಪೂಜ್ಯಪಾದರು ಹೇಳುವ ಅರ್ಥ ಹೊಟ್ಟೆಕಿಚ್ಚಿನದಲ್ಲ. ಜ್ಞಾನವು ತನ್ನಲ್ಲಿದೆ, ಕೊಡಲು ಯೋಗ್ಯವಾಗಿಯೂ ಇದೆ, ಆದರೂ ಏನೋ ಒಂದು ಕಾರಣದಿಂದ ಕೊಡದಿರುವುದು ಮಾತ್ಸರ್ಯ. ಇಲ್ಲದವನು ಇದ್ದವನನ್ನು ನೋಡಿ ಉರಿಯುವುದು ‘ಎನ್ವಿ’. ಇದ್ದವನು ಇಲ್ಲದವನಿಗೆ ಕೊಡದಿರುವುದು ಇಲ್ಲಿಯ ಮಾತ್ಸರ್ಯ. ದಿಕ್ಕೇ ತಲೆಕೆಳಗು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಶಬ್ದವಿಲ್ಲದೆ ಇಲ್ಲ. ಮೇಲೆ ಹೇಳಿದ ‘ಗ್ರಜ್’ ಎಂಬುದನ್ನೇ ಕ್ರಿಯಾಪದವಾಗಿ ಬಳಸಿದರೆ ಮನಸ್ಸಿಲ್ಲದೆ ಕೊಡುವುದು, ಕೊಡಲು ಹಿಂಜರಿಯುವುದು ಎಂದಾಗುತ್ತದೆ. ‘ಗ್ರಜಿಂಗ್’ ಎಂದರೆ ಗೊಣಗುತ್ತ ಕೊಟ್ಟದ್ದು.

ಇದೇ ಮಾತ್ಸರ್ಯವು ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತದ ಅತಿಚಾರಗಳ ನಡುವೆ ಮತ್ತೊಮ್ಮೆ ಬರುತ್ತದೆ. ಅಲ್ಲಿ ಪೂಜ್ಯಪಾದರು ಎರಡು ಅರ್ಥಗಳನ್ನು ಹೇಳುತ್ತಾರೆ. ಕೊಡುತ್ತಿದ್ದರೂ ಆದರವಿಲ್ಲದಿರುವುದು ಒಂದು, ಬೇರೆ ದಾನಿಯ ಗುಣವನ್ನು ಸಹಿಸದಿರುವುದು ಇನ್ನೊಂದು. ಮೊದಲನೆಯದಕ್ಕೆ ‘ಗ್ರಜಿಂಗ್’ ಎಂಬುದು ಅಳತೆಗೆ ಹೊಲಿದಂತೆ ಹೊಂದುತ್ತದೆ. ಎರಡನೆಯದಕ್ಕೆ ಮಾತ್ರ ‘ಎನ್ವಿ’ ಒಪ್ಪುತ್ತದೆ, ಅದೂ ಪೂರ್ತಿಯಾಗಿ ಅಲ್ಲ. ಬಸದಿಗಳ ಜೀರ್ಣೋದ್ಧಾರಕ್ಕೆ, ಅಭಿಷೇಕದ ಕಲಶಗಳ ಸವಾಲಿಗೆ ದ್ರವ್ಯ ಕೊಟ್ಟವರನ್ನೂ, ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದವರನ್ನೂ ಬಹುಕಾಲ ಹತ್ತಿರದಿಂದ ಕಂಡಿದ್ದೇನೆ. ಹೆಸರು ಬಿಟ್ಟುಹೋಯಿತೆಂದು ಜಗಳವಾಡಿದವರು ಕಡಮೆ. ತನ್ನ ಹೆಸರಿನ ಮೇಲೆ ಇನ್ನೊಬ್ಬರ ಹೆಸರು ಬಂದಿತೆಂದು ಮುಂದಿನ ವರ್ಷ ಬಾರದೆ ಉಳಿದವರು ಇದ್ದಾರೆ. ಅವರಿಗೆ ಹಣದ ಆಸೆಯೂ ಇರಲಿಲ್ಲ, ಮೇಲಿನ ಹೆಸರಿನವರ ಮೇಲೆ ಹಗೆಯೂ ಇರಲಿಲ್ಲ. ಕ್ಷಮಾವಾಣಿಯ ದಿನ ಆ ಇಬ್ಬರೂ ಕೈಮುಗಿದು ‘ಎನ್ಮಿಟಿ’ ಇಲ್ಲವೆಂದರೆ ಇಬ್ಬರೂ ಸತ್ಯವನ್ನೇ ನುಡಿದಂತೆ. ಸೂತ್ರಕಾರರು ಹೆಸರಿಟ್ಟ ಆ ಇನ್ನೊಂದು ಭಾವದ ಪ್ರಸ್ತಾಪ ಇಂಗ್ಲಿಷ್ ಪತ್ರದಲ್ಲಿಯೂ ಇಲ್ಲ, ನಾವು ಅಚ್ಚು ಹಾಕಿಸುವ ಕನ್ನಡ ಪತ್ರದಲ್ಲಿಯೂ ಇಲ್ಲ. ಮುಂದಿನ ಭಾದ್ರಪದಕ್ಕೆ ಪತ್ರಗಳನ್ನು ಅಚ್ಚಿಗೆ ಕೊಡುವ ಟ್ರಸ್ಟಿನವರು ವೈರದ ಪಕ್ಕದಲ್ಲಿ ಮಾತ್ಸರ್ಯವನ್ನೂ ಒಂದು ಪದವಾಗಿ ಸೇರಿಸುವುದಾದರೆ, ಇಂಗ್ಲಿಷಿನಲ್ಲಿ ಅದಕ್ಕೆ ‘ಎನ್ವಿ’ ಎಂದು ಬರೆಯದಿರಲಿ.